ಕೊಳ್ಳುವವರ ಅಸಹಕಾರ

(ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನೀತಿಗೆಟ್ಟ ದೊಡ್ಡ ಕಂಪೆನಿಗಳನ್ನು ಕೊಳ್ಳುವ ಜನ ಹೇಗೆ ಎದುರಿಸಬೇಕು ಎಂಬ ವಿಷಯವನ್ನು ಈ ದಿನದ ಚರ್ಚೆಗೆ ಇಟ್ಟಿದ್ದೀರಿ. ಸಮಾಜವಾದಿಗಳಾದ ನಾವು ಉಳುವವನ ಬಗೆಗೆ ಬಹಳ ಮಾತನಾಡಿದ್ದೇವೆ, ದುಡಿಯುವವನ ಬಗೆಗೂ ಮಾತನಾಡಿದ್ದೇವೆ. ಕೊಳ್ಳುವವನ ಬಗೆಗೆ ಮಾತನಾಡಿದ್ದು ಕಡಿಮೆ. ಆದರೆ ಉಳುವವನೂ ದುಡಿಯುವವನೂ ಸಂಜೆ ಅಂಗಡಿಯ ಮುಂದೆ ಬಂದು ನಿಂತಾಗ ಕೊಳ್ಳುವವರೇ ಆಗುತ್ತಾರೆ. ಹಗಲು ಹೋರಾಡಿ ಗಳಿಸಿದ್ದನ್ನು ಸಂಜೆ ಅಂಗಡಿಯಲ್ಲಿ ಕಳೆದುಕೊಂಡರೆ ಕೂಲಿ ಏರಿಸಿದ್ದರ ಫಲವೇನು?

ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದದ್ದು ಭತ್ತ ಅಳೆಯುವ ಒಂದು ಕೊಳಗದ ಸಲುವಾಗಿ. ರೂಢಿಯ ಕೊಳಗಕ್ಕಿಂತ ದೊಡ್ಡದರಲ್ಲಿ ಒಡೆಯರು ಗೇಣಿ ಅಳೆದುಕೊಳ್ಳುತ್ತಿದ್ದರು. ಆ ಕೊಳಗ ಎಲ್ಲರ ಕಣ್ಣೆದುರಿಗೇ ಇತ್ತು. ಕೈಯಲ್ಲಿ ಹಿಡಿದು ತೋರಿಸಬಹುದಾಗಿತ್ತು. ಒಡೆಯ ಯಾರು, ಅವನ ಮನೆ ಎಲ್ಲಿ ಎಂಬುದೂ ಗೊತ್ತಿತ್ತು. ಇಂದಿನ ಒಡೆಯ ಕಣ್ಣಿಗೆ ಬೀಳುವವನಲ್ಲ. ಅವನ ಕಚೇರಿ ಒಂದು ಖಂಡದಲ್ಲಿ, ಕಾರ್ಖಾನೆ ಇನ್ನೊಂದರಲ್ಲಿ, ಪಾಲುದಾರರು ಲೋಕದ ತುಂಬ. ಬಿಸ್ಕತ್ತಿನ ಪೊಟ್ಟಣದ ಬೆಲೆ ಐದು ರೂಪಾಯಿಯೇ ಉಳಿಯುತ್ತದೆ, ಒಳಗಿನ ತೂಕ ಇಳಿಯುತ್ತ ಹೋಗುತ್ತದೆ. ತೂಕವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರೆ ಅದು ಕಾನೂನಿಗೂ ಸರಿ. ಇಂಥವನ ಎದುರು ಹೋರಾಟ ಮಾಡುವ ಬಗೆ ಯಾವುದು?

"ಕೊಳ್ಳಬೇಡಿ, ಅಷ್ಟೇ ಸಾಕು" ಎನ್ನುವವರಿದ್ದಾರೆ. "ನಾನೊಬ್ಬ ಕೊಳ್ಳದಿದ್ದರೆ ಕಂಪೆನಿ ಮುಳುಗೀತೆ?" ಎಂದು ಕೈಚೆಲ್ಲುವವರೂ ಇದ್ದಾರೆ. ಎರಡೂ ಅರ್ಧ ಮಾತು. ಇತಿಹಾಸವನ್ನು ನೋಡಿದರೆ ಕೊಳ್ಳುವವರ ಅಸಹಕಾರ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಗೆದ್ದ ಕಡೆ ಏಕೆ ಗೆದ್ದಿತು, ಸೋತ ಕಡೆ ಏಕೆ ಸೋತಿತು ಎಂಬುದನ್ನು ಲೆಕ್ಕ ಹಾಕಿ ನೋಡುವುದು ನಮ್ಮ ಕೆಲಸ.

ಬಹಿಷ್ಕಾರವೆಂಬ ಮಾತು

ಬಹಿಷ್ಕಾರ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಹೇಳಿದರೆ ಎಲ್ಲರಿಗೂ ಒಂದೇ ಅರ್ಥ ಬರುವುದಿಲ್ಲ. ಬಾವಿಯ ನೀರು ನಿಲ್ಲಿಸುವುದು, ಅಂಗಡಿಯ ಸಾಮಾನು ನಿಲ್ಲಿಸುವುದು, ಕೂಲಿಗೆ ಕರೆಯದಿರುವುದು, ಇವೆಲ್ಲ ಬಲವಿದ್ದವರು ಬಲವಿಲ್ಲದವರ ಮೇಲೆ, ಮೇಲ್ಜಾತಿಯವರು ದಲಿತರ ಮೇಲೆ ಹೂಡಿದ ಬಹಿಷ್ಕಾರಗಳು. ಅದು ದಬ್ಬಾಳಿಕೆ. ನಾವು ಈಗ ಹೇಳುತ್ತಿರುವುದು ಅದೇ ಆಯುಧವನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸುವ ಮಾತು. ಈ ಭೇದವನ್ನು ಮರೆತರೆ ನಾವೂ ದಬ್ಬಾಳಿಕೆ ಮಾಡುವವರ ಸಾಲಿನಲ್ಲೇ ನಿಲ್ಲುತ್ತೇವೆ.

ಇಂಗ್ಲಿಷಿನವರು ಇದಕ್ಕೆ ಬಾಯ್ಕಾಟ್ ಎನ್ನುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನಿಗೆ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬಾತ ಏಜೆಂಟನಾಗಿದ್ದ. ಬೆಳೆ ಕೆಟ್ಟಿತ್ತು; ಗೇಣಿ ಇಳಿಸಿರೆಂದು ಒಕ್ಕಲುಗಳು ಕೇಳಿದರು. ಆತ ಒಕ್ಕಲೆಬ್ಬಿಸುವ ನೋಟೀಸುಗಳನ್ನು ಹೊರಡಿಸಿದ. 1880ರ ಸೆಪ್ಟೆಂಬರಿನಲ್ಲಿ ಐರಿಶ್ ಧುರೀಣ ಪಾರ್ನೆಲ್, ಇಂಥವರ ಮೇಲೆ ಕೈಮಾಡಬೇಡಿ, ಅವರೊಡನೆ ಎಲ್ಲ ವ್ಯವಹಾರವನ್ನೂ ಬಿಡಿ ಎಂಬ ಸಲಹೆ ಕೊಟ್ಟಿದ್ದರು. ಜನ ಅದನ್ನೇ ಮಾಡಿದರು. ಆಳುಗಳು ಮನೆ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಬಟ್ಟೆ ಒಗೆಯುವವರು ಬರಲಿಲ್ಲ. ಕಡೆಗೆ ಬೇರೆ ಪ್ರಾಂತದಿಂದ ಐವತ್ತು ಜನರನ್ನು ಕರೆತಂದು, ಅವರ ಕಾವಲಿಗೆ ಸುಮಾರು ಒಂದು ಸಾವಿರ ಸೈನಿಕರನ್ನೂ ಪೊಲೀಸರನ್ನೂ ನಿಲ್ಲಿಸಿ ಬೆಳೆ ಕೀಳಿಸಬೇಕಾಯಿತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚು ಎಷ್ಟೋ ಪಟ್ಟು ಹೆಚ್ಚಾಯಿತು. ಆ ವರ್ಷವೇ ಬಾಯ್ಕಾಟ್ ಐರ್ಲೆಂಡನ್ನು ಬಿಟ್ಟು ಹೋದ.

ಇಲ್ಲಿ ಗಮನಿಸಬೇಕಾದದ್ದು ಎರಡು. ಮೊದಲನೆಯದು, ಗುರಿ ಒಬ್ಬನೇ, ಬೇಡಿಕೆಯೂ ಒಂದೇ. ಎರಡನೆಯದು, ಆಳು, ಅಂಗಡಿಯವ, ಅಗಸ ಮೂವರೂ ಕೂಡಿ ನಿಂತರು. ಅಂಗಡಿಯವ ಕೈಕೊಟ್ಟಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು.

ದ್ರಾಕ್ಷಿಯ ಪಾಠ

ಅದು ಒಬ್ಬ ಏಜೆಂಟನ ಮಾತಾಯಿತು. ದೊಡ್ಡ ವ್ಯಾಪಾರದ ಎದುರು ಇದೇ ಆಯುಧ ನಡೆದೀತೆ? ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಡೆಲಾನೊ ಎಂಬ ಊರಿನ ಸುತ್ತ ದ್ರಾಕ್ಷಿ ತೋಟಗಳಿವೆ. ಅಲ್ಲಿ ಹಣ್ಣು ಬಿಡಿಸುತ್ತಿದ್ದವರು ಫಿಲಿಪೀನ್ಸ್ ಮತ್ತು ಮೆಕ್ಸಿಕೊ ಮೂಲದ ಕೂಲಿಗಳು. ಒಂದು ಗುಂಪು ಕೆಲಸ ನಿಲ್ಲಿಸಿದರೆ ಇನ್ನೊಂದು ಗುಂಪನ್ನು ತಂದು ಕೆಲಸ ಮಾಡಿಸುವುದು ತೋಟದ ಯಜಮಾನರ ಹಳೆಯ ಉಪಾಯ. 1935ರಲ್ಲಿ ಅಮೆರಿಕದ ಸರ್ಕಾರ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿಗಾಗಿ ಕಾನೂನು ಮಾಡಿದಾಗ ಹೊಲದ ಕೂಲಿಗಳನ್ನು ಅದರಿಂದ ಹೊರಗಿಟ್ಟಿತ್ತು.

1965ರ ಸೆಪ್ಟೆಂಬರ್ 8ರಂದು ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳುತನದಲ್ಲಿ ಫಿಲಿಪಿನೊ ಕೂಲಿಗಳು ಮುಷ್ಕರ ಹೂಡಿದರು. ಎಂಟು ದಿನಗಳ ಬಳಿಕ ಸೀಸರ್ ಚಾವೆಜ್ ಮತ್ತು ಡೊಲೊರೆಸ್ ವೆರ್ತಾ ಅವರ ಸಂಘದ ಮೆಕ್ಸಿಕನ್ ಕೂಲಿಗಳೂ ಸೇರಲು ತೀರ್ಮಾನಿಸಿದರು. ಯಜಮಾನರ ಹಳೆಯ ಉಪಾಯ ಅಲ್ಲಿಗೆ ಮುರಿಯಿತು. ಆದರೂ ತೋಟದ ಬೇಲಿಯ ಹೊರಗೆ ನಿಂತು ಕೂಗಿದ್ದರಿಂದ ಹಣ್ಣು ಕೊಳೆಯಲಿಲ್ಲ. ಬೇರೆಡೆಯಿಂದ ಕೂಲಿಗಳು ಬಂದೇ ಬಂದರು. ಆಗ ಅವರು ಹೋರಾಟವನ್ನು ತೋಟದಿಂದ ಪೇಟೆಗೆ ಒಯ್ದರು. ಕಾರ್ಮಿಕ ಸಂಘಗಳು ಮೂರನೆಯವರ ಅಂಗಡಿಯ ಮುಂದೆ ಇಂಥ ಬಹಿಷ್ಕಾರ ಹೂಡಬಾರದೆಂದು ಅಮೆರಿಕದಲ್ಲಿ 1947ರ ಕಾನೂನು ತಡೆ ಹಾಕಿತ್ತು. ಆದರೆ ಹೊಲದ ಕೂಲಿಗಳು ಕಾನೂನಿನ ಹೊರಗಿದ್ದವರಲ್ಲವೆ? ಆ ತಡೆಯೂ ಅವರಿಗೆ ತಟ್ಟಲಿಲ್ಲ. ಹಕ್ಕಿನಿಂದ ಹೊರಗಿಟ್ಟ ಕಾನೂನೇ ಅವರ ಕೈಗೊಂದು ಆಯುಧ ಕೊಟ್ಟಿತ್ತು.

ಮೊದಲು ಅವರು ಹಿಡಿದದ್ದು ಷೆನ್ಲಿ ಎಂಬ ಕಂಪೆನಿಯನ್ನು. ಅದರ ಮುಖ್ಯ ವ್ಯಾಪಾರ ಮದ್ಯ; ತೋಟ ಅದಕ್ಕೆ ಸಣ್ಣ ಬಾಬತ್ತು. ಸಣ್ಣ ಬಾಬತ್ತಿಗಾಗಿ ದೊಡ್ಡ ಹೆಸರನ್ನು ಕೆಡಿಸಿಕೊಳ್ಳಲು ಅದಕ್ಕೆ ಇಷ್ಟವಿರಲಿಲ್ಲ. 1966ರ ವಸಂತದಲ್ಲಿ ಕೂಲಿಗಳು ಡೆಲಾನೊದಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಕಾಲ್ನಡಿಗೆಯಲ್ಲಿ ಹೊರಟಿದ್ದಾಗಲೇ ಷೆನ್ಲಿ ಸಂಘವನ್ನು ಒಪ್ಪಿಕೊಂಡಿತು.

ಅನಂತರ ಬಂದದ್ದು ಜ್ಯುಮಾರಾ ಎಂಬ ಎಲ್ಲಕ್ಕಿಂತ ದೊಡ್ಡ ತೋಟದ ಕಂಪೆನಿ. 1967ರಲ್ಲಿ ಅದರ ದ್ರಾಕ್ಷಿಯನ್ನು ಕೊಳ್ಳಬೇಡಿರೆಂದು ಕರೆ ಕೊಟ್ಟರೆ ಅದು ಬೇರೆ ತೋಟಗಳ ಚೀಟಿಯನ್ನು ಅಂಟಿಸಿ ತನ್ನ ಹಣ್ಣನ್ನು ಮಾರಿತು. ಕೊಳ್ಳುವ ಹೆಂಗಸಿಗೆ ಯಾವ ಗೊಂಚಲು ಯಾರದೆಂದು ತಿಳಿಯುವುದು ಹೇಗೆ? ಆಗ ಸಂಘ ತನ್ನ ಕರೆಯನ್ನು ಸುಲಭ ಮಾಡಿತು. ಕ್ಯಾಲಿಫೋರ್ನಿಯಾದ ತಿನ್ನುವ ದ್ರಾಕ್ಷಿಯನ್ನು ಯಾರೂ ಕೊಳ್ಳಬೇಡಿ ಎಂದು 1968ರಲ್ಲಿ ಸಾರಿತು. ಮಗುವಿಗೂ ತಿಳಿಯುವ ಮಾತು ಅದು.

ತೋಟದ ಕೂಲಿಗಳೇ ಹೆಂಡತಿ ಮಕ್ಕಳೊಡನೆ ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಟೊರಾಂಟೊ ನಗರಗಳಿಗೆ ಹೋದರು. ದೊಡ್ಡ ಅಂಗಡಿಗಳ ಬಾಗಿಲಲ್ಲಿ ನಿಂತು, ಈ ಹಣ್ಣನ್ನು ಬಿಡಿಸಿದವರು ನಾವು, ನಮ್ಮ ಕೂಲಿ ಇಷ್ಟು ಎಂದು ಹೇಳಿದರು. ಕರಪತ್ರ ಹಂಚುವ ವಿದ್ಯಾರ್ಥಿಯ ಮಾತಿಗಿಂತ ಆ ಕೈಗಳ ಮಾತು ನಾಟಿತು. ಓಕ್ಲೆಂಡ್ ಬಂದರಿನ ಹಮಾಲಿಗಳು 1965ರಲ್ಲೇ ಈ ದ್ರಾಕ್ಷಿಯನ್ನು ಹಡಗಿಗೆ ಏರಿಸಲು ಒಪ್ಪಿರಲಿಲ್ಲ. ಅತ್ತ ಅಮೆರಿಕದ ರಕ್ಷಣಾ ಇಲಾಖೆ ವಿಯೆಟ್ನಾಮಿನಲ್ಲಿದ್ದ ಸೈನಿಕರಿಗೆಂದು ಹೆಚ್ಚು ದ್ರಾಕ್ಷಿ ಕೊಂಡು ಯಜಮಾನರ ಬೆನ್ನಿಗೆ ನಿಂತಿತು. ಸರ್ಕಾರ ಯಾರ ಕಡೆ ಎಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಐದು ವರ್ಷ ಹಿಡಿಯಿತು. 1970ರ ಜುಲೈ 29ರಂದು ಜ್ಯುಮಾರಾ ಮತ್ತು ಡೆಲಾನೊದ ಇತರ ಯಜಮಾನರು ಸಂಘದ ಕಚೇರಿಗೆ ಬಂದು ಕರಾರಿಗೆ ರುಜು ಹಾಕಿದರು. ಕೂಲಿ ಗಂಟೆಗೆ 1 ಡಾಲರ್ 80 ಸೆಂಟ್‌ಗೆ ಏರಿತು; ಡಿ.ಡಿ.ಟಿ.ಯಂಥ ವಿಷದ ಸಿಂಪರಣೆಗೂ ತಡೆ ಬಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1973ರಲ್ಲಿ ಕರಾರಿನ ಅವಧಿ ತೀರಿದಾಗ ಯಜಮಾನರಲ್ಲಿ ಹೆಚ್ಚಿನವರು ಟೀಮ್‌ಸ್ಟರ್ಸ್ ಎಂಬ ಬೇರೊಂದು ಸಂಘದೊಡನೆ ಒಪ್ಪಂದ ಮಾಡಿಕೊಂಡರು. ಮತ್ತೆ ಬೀದಿಗೆ ಇಳಿಯಬೇಕಾಯಿತು. 1975ರಲ್ಲಿ ಕ್ಯಾಲಿಫೋರ್ನಿಯಾ ಹೊಲದ ಕೂಲಿಗಳಿಗೂ ಸಂಘದ ಹಕ್ಕನ್ನು ಕೊಡುವ ಕಾನೂನು ಮಾಡಿತು. ಕರಾರನ್ನು ಗೆಲ್ಲುವುದು ಒಂದು ಕೆಲಸ, ಅದನ್ನು ಕಾಯುವುದು ಇನ್ನೊಂದು ಕೆಲಸ.

ಹಾಲಿನ ಪುಡಿ

ದ್ರಾಕ್ಷಿಯ ಹೋರಾಟದಲ್ಲಿ ನೊಂದವರೂ ಕೊಳ್ಳುವವರೂ ಒಂದೇ ದೇಶದ ಸುತ್ತಮುತ್ತ ಇದ್ದರು. ನೊಂದವಳು ಆಫ್ರಿಕದ ತಾಯಿ, ಕಂಪೆನಿ ಸ್ವಿಟ್ಸರ್ಲೆಂಡಿನದು ಎಂದಾದರೆ ಏನು ಮಾಡುವುದು? ನೆಸ್ಲೆ ಕಂಪೆನಿಯ ಮೇಲಿನ ಹೋರಾಟ ಇದಕ್ಕೆ ಉದಾಹರಣೆ.

ಬಡ ದೇಶಗಳಲ್ಲಿ ಎಳೆಗೂಸುಗಳ ಹಾಲಿನ ಪುಡಿಯನ್ನು ಮಾರಲು ಕಂಪೆನಿಗಳು ದಾದಿಯರ ಉಡುಪು ತೊಟ್ಟ ಮಾರಾಟಗಾರ್ತಿಯರನ್ನು ಕಳುಹಿಸುತ್ತಿದ್ದವು. ಹೆರಿಗೆ ಆಸ್ಪತ್ರೆಗಳಲ್ಲಿ ಪುಕ್ಕಟೆ ಡಬ್ಬಗಳನ್ನು ಹಂಚುತ್ತಿದ್ದವು. ಪುಕ್ಕಟೆ ಡಬ್ಬ ಮುಗಿಯುವ ಹೊತ್ತಿಗೆ ತಾಯಿಯ ಎದೆಹಾಲು ಬತ್ತಿರುತ್ತಿತ್ತು. ಆಮೇಲೆ ಡಬ್ಬವನ್ನು ದುಡ್ಡು ಕೊಟ್ಟೇ ತರಬೇಕು. ದುಡ್ಡು ಸಾಲದೆ ಒಂದು ಚಮಚ ಪುಡಿಗೆ ಹೆಚ್ಚು ನೀರು ಬೆರೆಸುವರು, ನೀರೂ ಶುದ್ಧವಲ್ಲ. ಕೂಸು ಬೇಧಿಯಿಂದ ಸೊರಗಿ ಸಾಯುವುದು. 1974ರಲ್ಲಿ ಬ್ರಿಟನ್ನಿನ ವಾರ್ ಆನ್ ವಾಂಟ್ ಸಂಸ್ಥೆ ಈ ವಿಷಯದ ಮೇಲೆ ಒಂದು ಪುಸ್ತಿಕೆ ಹೊರಡಿಸಿತು.

ಸ್ವಿಟ್ಸರ್ಲೆಂಡಿನ ಒಂದು ಗುಂಪು ಆ ಪುಸ್ತಿಕೆಯನ್ನು ಜರ್ಮನ್ ಭಾಷೆಗೆ ತಂದಿತು. ತಲೆಬರಹ ಮಾತ್ರ ಬದಲಾಯಿತು: ನೆಸ್ಲೆ ಕೂಸುಗಳನ್ನು ಕೊಲ್ಲುತ್ತದೆ ಎಂದು. ಕಂಪೆನಿ ಮಾನನಷ್ಟದ ಮೊಕದ್ದಮೆ ಹೂಡಿತು. 1976ರಲ್ಲಿ ಬರ್ನ್ ನಗರದ ನ್ಯಾಯಾಲಯ ಆ ತಲೆಬರಹ ಮಾನಹಾನಿಯೇ ಎಂದು ತೀರ್ಪಿತ್ತು, ಗುಂಪಿನವರಿಗೆ ತಲಾ 300 ಫ್ರಾಂಕ್ ದಂಡ ಹಾಕಿತು. ಅದೇ ನ್ಯಾಯಾಧೀಶರು ಕಂಪೆನಿಯು ತನ್ನ ಪ್ರಚಾರದ ರೀತಿಯನ್ನು ತಿದ್ದಿಕೊಳ್ಳಬೇಕು ಎಂದೂ ಹೇಳಿದರು. ಕಂಪೆನಿ ಗೆದ್ದೂ ಲೋಕದ ಮುಂದೆ ತಲೆ ತಗ್ಗಿಸಿತು. ಆದರೆ ನಮಗೆ ಪಾಠ ಬೇರೆ ಇದೆ. ಒಳಗಿನ ಪುಟಗಳ ನಿಜ ಸಾಕಾಗಿತ್ತು. ತಲೆಬರಹದ ಒಂದು ಅತಿಮಾತು ಅವರನ್ನು ಎರಡು ವರ್ಷ ಕಟಕಟೆ ಹತ್ತಿಸಿತು.

1977ರ ಜುಲೈ 4ರಂದು ಅಮೆರಿಕದಲ್ಲಿ ನೆಸ್ಲೆಯ ಬಹಿಷ್ಕಾರ ಮೊದಲಾಯಿತು. ಒಂದು ವಿಶೇಷವನ್ನು ಗಮನಿಸಿ. ಆಗ ಆ ಕಂಪೆನಿ ಅಮೆರಿಕದಲ್ಲಿ ಕೂಸಿನ ಹಾಲಿನ ಪುಡಿಯನ್ನು ಮಾರುತ್ತಲೇ ಇರಲಿಲ್ಲ. ಆದ್ದರಿಂದ ಜನ ಬಿಟ್ಟದ್ದು ಅದರ ಕಾಫಿಯನ್ನು, ಚಾಕೊಲೇಟನ್ನು. ತಮಗೆ ಯಾವ ನೋವೂ ಇಲ್ಲದ ಪದಾರ್ಥವನ್ನು ಎಲ್ಲಿಯೋ ಇರುವ ತಾಯಿಯ ಸಲುವಾಗಿ ಬಿಟ್ಟರು. ಚರ್ಚುಗಳು, ದಾದಿಯರ ಮತ್ತು ವಿದ್ಯಾರ್ಥಿಗಳ ಸಂಘಗಳು ಗೊತ್ತುವಳಿ ಪಾಸು ಮಾಡಿದವು. 1978ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇಂಥ ಪುಡಿಗಳ ಮಾರಾಟಕ್ಕೆ ಒಂದು ನಿಯಮಾವಳಿಯನ್ನು ಒಪ್ಪಿತು. ಪರ 118 ಮತ, ವಿರುದ್ಧ ಒಂದೇ ಒಂದು. ಆ ಒಂದು ಅಮೆರಿಕ ಸರ್ಕಾರದ್ದು. 1984ರಲ್ಲಿ ನೆಸ್ಲೆ ಆ ನಿಯಮಾವಳಿಯನ್ನು ಪಾಲಿಸುವುದಾಗಿ ಬರೆದುಕೊಟ್ಟ ಮೇಲೆ ಬಹಿಷ್ಕಾರವನ್ನು ನಿಲ್ಲಿಸಲಾಯಿತು. ಮಾತು ಉಳಿಸಿಕೊಳ್ಳಲಿಲ್ಲವೆಂದು 1988ರಲ್ಲಿ ಮತ್ತೆ ಹೂಡಲಾಯಿತು.

ನಮ್ಮ ದೇಶ 1992ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಕೂಸಿನ ಹಾಲಿನ ಪುಡಿಗೆ ಜಾಹೀರಾತು ಕೂಡದು, ಡಬ್ಬದ ಮೇಲೆ ಮಗುವಿನ ಚಿತ್ರ ಕೂಡದು ಎಂಬುದು ಅದರಿಂದ ಬಂದದ್ದು. ಲೋಕದ ಅಂಗಡಿಗಳ ಮುಂದೆ ನಿಂತವರ ಪಾಲು ಆ ಕಾಯಿದೆಯಲ್ಲಿ ಇದೆ. ಕಾವಲು ಮಾತ್ರ ಮುಗಿಯುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಪಬ್ಲಿಕ್ ಐ ಎಂಬ ಸ್ವಿಸ್ ಸಂಸ್ಥೆ, ಭಾರತದಲ್ಲಿ ಮಾರುವ ಕೂಸಿನ ಆಹಾರಕ್ಕೆ ನೆಸ್ಲೆ ಸಕ್ಕರೆ ಸೇರಿಸುತ್ತದೆ, ಯೂರೋಪಿನಲ್ಲಿ ಮಾರುವಾಗ ಸೇರಿಸುವುದಿಲ್ಲ ಎಂದು ಪ್ರಕಟಿಸಿತು. ಗದ್ದಲವಾದ ಮೇಲೆ ಅದೇ ವರ್ಷ ಸಕ್ಕರೆ ಬೆರೆಸದ ಬಗೆಗಳನ್ನು ಇಲ್ಲಿಯೂ ತರುವುದಾಗಿ ಕಂಪೆನಿ ಹೇಳಿತು.

ನಮ್ಮ ಅನುಭವ

ಇನ್ನು ನಮ್ಮ ಮನೆಯ ಲೆಕ್ಕ ನೋಡೋಣ. ಸಮಾಜವಾದಿಗಳ ಕೈಯಿಂದ ನಡೆದದ್ದನ್ನೂ ಮರೆಮಾಚದೆ ಹೇಳಬೇಕು.

1977ರಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾ ಕೋಲಾ ಕಂಪೆನಿ ಭಾರತವನ್ನು ಬಿಟ್ಟಿತು. ವಿದೇಶೀ ಪಾಲನ್ನು ಶೇಕಡ 40ಕ್ಕೆ ಇಳಿಸಬೇಕೆಂಬ ಕಾನೂನನ್ನು ಅದು ಒಪ್ಪಲಿಲ್ಲ. ಅದರ ಬದಲಿಗೆ ಸರ್ಕಾರ "77" ಎಂಬ ಪಾನೀಯವನ್ನು ಹೊರತಂದಿತು. ಅದರ ಪಾಕವನ್ನು ಸಿದ್ಧಪಡಿಸಿದ್ದು ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯ. ಆದರೆ 77 ಉಳಿಯಲಿಲ್ಲ. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು, ಅದು ಇಲ್ಲದಾಗ ಬೆಳೆದಿದ್ದ ದೇಶೀ ಪಾನೀಯಗಳ ಹೆಸರುಗಳನ್ನೇ ಕೊಂಡುಕೊಂಡಿತು. ಸರ್ಕಾರದ ಆಜ್ಞೆ ಕಂಪೆನಿಯನ್ನು ಹೊರಗೆ ಕಳುಹಿಸಬಲ್ಲುದು. ಕೊಳ್ಳುವವನು ತನ್ನ ಮನಸ್ಸಿನಿಂದ ಅದನ್ನು ಹೊರಗೆ ಕಳುಹಿಸದಿದ್ದರೆ ಅದು ಇನ್ನೊಂದು ಬಾಗಿಲಿನಿಂದ ಒಳಕ್ಕೆ ಬರುತ್ತದೆ.

1992ರ ಡಿಸೆಂಬರ್ 29ರಂದು ರಾಜ್ಯ ರೈತ ಸಂಘದವರು ಬೆಂಗಳೂರಿನಲ್ಲಿ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. 1993ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕಂಪೆನಿಯ ಕಟ್ಟಡವನ್ನು ಕೆಡವಿದರು. 1996ರ ಜನವರಿ 30ರಂದು ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಯನ್ನು ಧ್ವಂಸ ಮಾಡಿದರು. ಪ್ರೊಫೆಸರ್ ನಂಜುಂಡಸ್ವಾಮಿಯವರು ಎತ್ತಿದ ಪ್ರಶ್ನೆಗಳು ದೊಡ್ಡವು. ಬೀಜ ಯಾರದು ಎಂಬ ಪ್ರಶ್ನೆಯನ್ನು ಅವರು ಲೋಕಕ್ಕೇ ಕೇಳಿಸಿದರು. ಆ ಋಣವನ್ನು ನಾವು ಮರೆಯುವುದಿಲ್ಲ. ಆದರೆ ಅಂಗಡಿಯ ಗಾಜು ಒಡೆದ ದಿನ ಮಾತು ಕೋಳಿಯಿಂದ ಗಾಜಿಗೆ ತಿರುಗಿತು. ಒಳಗೆ ತಿನ್ನುತ್ತಿದ್ದವನು ಭಯದಿಂದ ಓಡಿದ. ನಮ್ಮ ಮಾತನ್ನು ಒಪ್ಪಿ ಎದ್ದು ಬರಲಿಲ್ಲ. ಅಂಗಡಿ ಮತ್ತೆ ತೆರೆಯಿತು, ಒಂದಕ್ಕೆ ಹತ್ತಾಯಿತು. ಕಾರ್ಗಿಲ್ ಎರಡು ದಶಕ ಕಳೆದ ಮೇಲೆ ದಾವಣಗೆರೆಯಲ್ಲಿಯೇ ಮೆಕ್ಕೆಜೋಳದ ಕಾರ್ಖಾನೆ ತೆರೆಯಿತು.

ಇದೇ ಕಾರ್ಗಿಲ್ ಕಂಪೆನಿ 1993ರಲ್ಲಿ ಗುಜರಾತಿನ ಕಾಂಡ್ಲಾ ಬಂದರಿನ ಬಳಿ ಉಪ್ಪು ತೆಗೆಯಲು ಬಂದಿತ್ತು. ಅಲ್ಲಿ ಸತ್ಯಾಗ್ರಹ ನಡೆಯಿತು. ಜಾಗ ಒಂದು, ಬೇಡಿಕೆ ಒಂದು, ಸ್ಥಳದ ಉಪ್ಪು ತಯಾರಕರೂ ಬೆನ್ನಿಗಿದ್ದರು. ಅದೇ ವರ್ಷ ಕಂಪೆನಿ ಆ ಯೋಜನೆಯನ್ನು ಕೈಬಿಟ್ಟಿತು.

ನೆರೆಯ ಕೇರಳದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡವನ್ನು ನೋಡಿ. ಅಲ್ಲಿ 2000ದಲ್ಲಿ ಕೋಕಾ ಕೋಲಾ ಕಾರ್ಖಾನೆ ಮೊದಲಾಯಿತು. ಬಾವಿಗಳ ನೀರು ಕೆಟ್ಟಿತು, ಇಳಿಯಿತು. 2002ರ ಏಪ್ರಿಲ್‌ನಲ್ಲಿ ಆದಿವಾಸಿಗಳು ಕಾರ್ಖಾನೆಯ ಎದುರು ಧರಣಿ ಕುಳಿತರು. ಮಯಿಲಮ್ಮ ಎಂಬ ಆದಿವಾಸಿ ಹೆಣ್ಣುಮಗಳು ಅದರ ಮುಂದಾಳು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಒಂದು ಗ್ರಾಮ ಪಂಚಾಯಿತಿ! ಅದೇ ವರ್ಷ ದೆಹಲಿಯ ಸಂಸ್ಥೆಯೊಂದು ಇಂಥ ಪಾನೀಯಗಳಲ್ಲಿ ಕೀಟನಾಶಕವಿದೆ ಎಂದು ಪ್ರಕಟಿಸಿದಾಗ ದೂರದ ಊರುಗಳ ಕುಡಿಯುವವರೂ ಎಚ್ಚೆತ್ತರು. 2004ರ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು. 2010ರಲ್ಲಿ ಸರ್ಕಾರದ ಸಮಿತಿ ಅಲ್ಲಿಯ ಜನರಿಗೆ ಆದ ನಷ್ಟವನ್ನು 216 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಪರಿಹಾರ ಕೊಡಿಸಲು ಕೇರಳದ ವಿಧಾನಸಭೆ 2011ರಲ್ಲಿ ಒಪ್ಪಿದ ಮಸೂದೆಗೆ ದೆಹಲಿಯ ಅಂಕಿತ ಸಿಗಲಿಲ್ಲ. ಬಾಗಿಲು ಮುಚ್ಚಿಸುವುದಕ್ಕಿಂತ ಸುಂಕ ವಸೂಲು ಮಾಡುವುದು ಕಷ್ಟ.

ಇನ್ನೊಂದು ಉದಾಹರಣೆ ನಮ್ಮ ಶ್ರೀರಂಗಪಟ್ಟಣದ್ದು. 2020ರ ಜೂನ್‌ನಲ್ಲಿ ಅಲ್ಲಿಯ ಗೋಕಲ್‌ದಾಸ್ ಗಾರ್ಮೆಂಟ್ಸ್ ಘಟಕವನ್ನು ಆಡಳಿತ ಮುಚ್ಚಿತು. ಸುಮಾರು 1,200 ಮಂದಿ, ಬಹುಪಾಲು ಹೆಣ್ಣುಮಕ್ಕಳು, ಕೆಲಸ ಕಳೆದುಕೊಂಡರು. ಅವರು ಹೊಲಿಯುತ್ತಿದ್ದುದು ಎಚ್ ಅಂಡ್ ಎಮ್ ಎಂಬ ಸ್ವೀಡನ್ನಿನ ಕಂಪೆನಿಗೆ. ಹೆಣ್ಣುಮಕ್ಕಳು ಕಾರ್ಖಾನೆಯಲ್ಲಿಯೇ ಧರಣಿ ಕೂತರು. ಅವರ ಸಂಘ ಲೋಕದ ಕಾರ್ಮಿಕ ಸಂಘಗಳ ಮೂಲಕ ಆ ಸ್ವೀಡನ್ನಿನ ಕಂಪೆನಿಯ ಬಾಗಿಲನ್ನು ತಟ್ಟಿತು. ಅವರು ಕೇಳಿದ್ದು ಬಟ್ಟೆ ಕೊಳ್ಳಬೇಡಿ ಎಂದಲ್ಲ. ಕೊಳ್ಳುವ ಮೊದಲು ನಮ್ಮ ಕೆಲಸ ನಮಗೆ ಕೊಡಿಸಿ ಎಂದು. 2021ರ ಮೊದಲ ತಿಂಗಳುಗಳಲ್ಲಿ ಕಾರ್ಖಾನೆಯ ಯಜಮಾನರು ಸಂಘವನ್ನು ಮಾನ್ಯ ಮಾಡಿ, ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ ಕೊಡುವ ಒಪ್ಪಂದಕ್ಕೆ ಬಂದರು.

ಕಾನೂನು ಎಷ್ಟು ದೂರ ಬಂದೀತು?

ಗ್ರಾಹಕರಿಗೆ ಕಾನೂನಿದೆಯಲ್ಲ, ಬೀದಿಗೆ ಏಕೆ ಎಂದು ಕೇಳುವವರಿದ್ದಾರೆ. ಇದೆ, ಅದನ್ನು ನಾವು ಬಳಸಬೇಕು. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಕಾಯಿದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ. ಕಂಪೆನಿಯ ಕಚೇರಿ ಮುಂಬಯಿಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೆಂಬ ಕಟ್ಟಳೆಯಿಲ್ಲ. ಒಂದೇ ಬಗೆಯ ಮೋಸಕ್ಕೆ ಒಳಗಾದ ಹಲವರ ಪರವಾಗಿ ಆಯೋಗದ ಅನುಮತಿ ಪಡೆದು ಒಂದೇ ದೂರು ಹಾಕಬಹುದು. ಸುಳ್ಳು ಜಾಹೀರಾತಿಗೆ ಕೇಂದ್ರದ ಪ್ರಾಧಿಕಾರ 10 ಲಕ್ಷದವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲುದು.

ಆದರೆ ಈ ಕಾಯಿದೆ ರಸೀದಿ ಇದ್ದವನನ್ನು ಮಾತ್ರ ನೋಡುತ್ತದೆ. ಅಂಗಿಯ ಹೊಲಿಗೆ ಬಿಟ್ಟರೆ ಕೊಂಡವನಿಗೆ ನ್ಯಾಯ ಸಿಗುತ್ತದೆ. ಹೊಲಿದವಳಿಗೆ ಕೂಲಿ ಸಿಗದಿದ್ದರೆ ಅದು ಈ ಕಾಯಿದೆಯ ಕಣ್ಣಿಗೆ ಬೀಳುವುದಿಲ್ಲ. ಸರಕು ಚೆನ್ನಾಗಿದ್ದು ಅದನ್ನು ಮಾಡಿದ ರೀತಿ ಕೆಟ್ಟದ್ದಾದರೆ ಅಲ್ಲಿಗೆ ಕೊಳ್ಳುವವರ ಒಗ್ಗಟ್ಟೇ ಹೋಗಿ ಮುಟ್ಟಬೇಕು.

ಬಹಿಷ್ಕಾರಕ್ಕೂ ಎಲ್ಲೆಯಿದೆ. ಬದಲಿ ಇಲ್ಲದ ಕಡೆ ಅದು ನಡೆಯದು. ಒಂದೇ ಕಂಪೆನಿ ಮಾಡುವ ಔಷಧಿಯನ್ನು ರೋಗಿ ಬಿಡಲಾರ. ಒಂದೇ ತಂತಿಯಲ್ಲಿ ಬರುವ ವಿದ್ಯುತ್ತನ್ನು ಮನೆಯವ ಬಿಡಲಾರ. ಅಂಥಲ್ಲಿ ಸರ್ಕಾರದ ಹತೋಟಿ, ಸಾರ್ವಜನಿಕ ಒಡೆತನ ಇವುಗಳ ಬೇಡಿಕೆಯೇ ದಾರಿ.

ಆಗಬೇಕಾದ ಕೆಲಸ

ಇಷ್ಟು ಅನುಭವದಿಂದ ನಮ್ಮ ತಾಲ್ಲೂಕು ಶಾಖೆಗಳು ಏನನ್ನು ತೆಗೆದುಕೊಳ್ಳಬೇಕು?

ಮೊದಲನೆಯದಾಗಿ, ನೊಂದವರನ್ನು ಕೇಳದೆ ಬಹಿಷ್ಕಾರ ಸಾರಬಾರದು. ಕಾರ್ಖಾನೆ ಮುಚ್ಚಿದರೆ ಅನ್ನ ಕಳೆದುಕೊಳ್ಳುವವರು ಅದರ ಕೂಲಿಗಳೇ. ಅವರು ಕೊಳ್ಳಬೇಡಿ ಎಂದರೆ ಕೊಳ್ಳದಿರೋಣ. ಬೇರೊಂದು ಬಗೆಯಲ್ಲಿ ಒತ್ತಾಯ ತನ್ನಿ ಎಂದರೆ ಅದನ್ನೇ ಮಾಡೋಣ.

ಎರಡನೆಯದು, ಒಂದು ಕಂಪೆನಿ, ಒಂದು ಸರಕು, ಒಂದು ಬೇಡಿಕೆ. ನೂರು ಹೆಸರಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಓದುವವನು ನಾಲ್ಕನೆಯ ಹೆಸರಿಗೆ ಮುಂದೆ ಹೋಗುತ್ತಾನೆ. ಬೇಡಿಕೆಯೂ ಕಂಪೆನಿ ಈಡೇರಿಸಬಹುದಾದದ್ದೇ ಆಗಿರಬೇಕು. "ಬಂಡವಾಳಶಾಹಿ ನಾಶವಾಗಲಿ" ಎಂಬುದು ಘೋಷಣೆ. ಅದಕ್ಕೆ ಯಾವ ಕಂಪೆನಿಯೂ ರುಜು ಹಾಕಲಾರದು.

ಮೂರನೆಯದು, ರುಜುವಾತು. ಪೊಟ್ಟಣ, ರಸೀದಿ, ಜಾಹೀರಾತು, ಪಂಚಾಯಿತಿಯ ದಾಖಲೆ ಎಲ್ಲವನ್ನೂ ತಾರೀಖು ಹಾಕಿ ಇಟ್ಟುಕೊಳ್ಳಬೇಕು. ರುಜುವಾತಿಗಿಂತ ಒಂದು ಮಾತೂ ಹೆಚ್ಚು ಆಡಬಾರದು. ಬರ್ನ್ ನಗರದ ಮೊಕದ್ದಮೆ ನೆನಪಿರಲಿ. ಸುಳ್ಳು ಸುದ್ದಿಯನ್ನು ಕ್ಷಣದಲ್ಲಿ ಊರೂರಿಗೆ ಮುಟ್ಟಿಸುವ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ. ಎದುರಾಳಿಯ ಮೇಲೆ ಹಬ್ಬಿಸಿದ ಸುಳ್ಳು ನಮ್ಮ ನಿಜವನ್ನೇ ಮೊದಲು ಕೊಲ್ಲುತ್ತದೆ.

ನಾಲ್ಕನೆಯದು, ಅಂಗಡಿಯವರೊಡನೆ ಜಗಳ ಬೇಡ. ಸಣ್ಣ ಅಂಗಡಿಯವ ಈಗಾಗಲೇ ದುಡ್ಡು ಕೊಟ್ಟು ತಂದ ಸರಕನ್ನು ಬೀದಿಗೆ ಎಸೆಯಿಸಿದರೆ ನಷ್ಟ ಅವನದು, ಕಂಪೆನಿಯದಲ್ಲ. ಇದ್ದದ್ದನ್ನು ಮಾರಿಕೊಳ್ಳಿ, ಮುಂದಿನ ಆರ್ಡರ್ ಕೊಡಬೇಡಿ ಎಂದು ಕೇಳೋಣ. ಕಂಪೆನಿ ಹೆದರುವುದು ಅಲ್ಲಿ. ಸಾವಿರ ಮನೆಗಳ ಬಾಗಿಲು ತಟ್ಟುವ ಮೊದಲು ಒಂದು ಹಾಸ್ಟೆಲಿನ ಅಡುಗೆಮನೆಗೆ, ಒಂದು ಸಹಕಾರ ಸಂಘದ ಮಳಿಗೆಗೆ, ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಹೋಗೋಣ. ಅಲ್ಲಿ ಒಂದು ಗೊತ್ತುವಳಿ ಪಾಸಾದರೆ ಸಾವಿರ ಮನೆಯ ಕೆಲಸವಾದಂತೆ.

ಐದನೆಯದು, ಬಡವನ ಮೇಲೆ ಹೊರೆ ಹೊರಿಸಬಾರದು. 1905ರ ಬಂಗಾಳದ ಸ್ವದೇಶಿ ಚಳವಳಿಯಲ್ಲಿ ಅಗ್ಗದ ವಿಲಾಯಿತಿ ಬಟ್ಟೆಯನ್ನು ಬಿಟ್ಟು ದುಬಾರಿ ದೇಶೀ ಬಟ್ಟೆಯನ್ನು ಕೊಳ್ಳಿರೆಂದು ಬಡ ರೈತರನ್ನು ಒತ್ತಾಯಪಡಿಸಿದ್ದನ್ನು ರವೀಂದ್ರನಾಥ ಠಾಕೂರರು ಕಟುವಾಗಿ ಟೀಕಿಸಿದರು. ಒಂದು ರೂಪಾಯಿಯ ಪೊಟ್ಟಣ ಕೊಳ್ಳುವ ಕೂಲಿ ಹೆಂಗಸಿಗೆ ಬದಲಿಯಾಗಿ ಏನನ್ನು ಕೊಳ್ಳಬೇಕು, ಅದು ಎಲ್ಲಿ ಅದೇ ಬೆಲೆಗೆ ಸಿಗುತ್ತದೆ ಎಂಬುದನ್ನು ನಾವು ಮೊದಲು ಹೇಳಬೇಕು. ಹೇಳಲಾಗದಿದ್ದರೆ ಆಕೆಯನ್ನು ಬಿಟ್ಟು, ಕೈಯಲ್ಲಿ ನಾಲ್ಕು ಕಾಸು ಓಡಾಡುವವರನ್ನು ಕೇಳಬೇಕು. ಬಹಿಷ್ಕಾರ ಒಪ್ಪಿ ಮಾಡುವ ಕೆಲಸ. ಕೊಳ್ಳುವವನ ಕೈಯಿಂದ ಕಿತ್ತು ಎಸೆದ ದಿನ ಅದು ಹಳೆಯ ಊರಗೌಡನ ಬಹಿಷ್ಕಾರವೇ ಆಯಿತು.

ಆರನೆಯದು, ನಿಲ್ಲಿಸುವುದು ಯಾವಾಗ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ಕಂಪೆನಿಯ ಬಾಯಿಮಾತು ಬೇಡ, ಕಾಗದದ ಮೇಲೆ ರುಜು ಬೇಕು. ರುಜು ಬಿದ್ದ ಮೇಲೆ ಬಹಿಷ್ಕಾರವನ್ನು ಅದೇ ದಿನ ನಿಲ್ಲಿಸಬೇಕು. ಇಲ್ಲದಿದ್ದರೆ ಮುಂದಿನ ಸಲ ಯಾವ ಕಂಪೆನಿಯೂ ನಮ್ಮೊಡನೆ ಕರಾರಿಗೆ ಬಾರದು. ಕಾವಲು ಸಮಿತಿಯನ್ನು ಮಾತ್ರ ನಿಲ್ಲಿಸಬಾರದು.

ಮಿತ್ರರೆ, ನಾನೊಬ್ಬ ಕೊಳ್ಳದಿದ್ದರೆ ಏನಾದೀತು ಎಂಬ ಪ್ರಶ್ನೆಗೆ ಉತ್ತರ ಇಷ್ಟೇ: ಏನೂ ಆಗದು. ಒಬ್ಬನ ಪೊಟ್ಟಣ ಕಂಪೆನಿಯ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಒಬ್ಬ ಗೇಣಿದಾರ ಕೊಳಗವನ್ನು ಪ್ರಶ್ನಿಸಿದರೆ ಒಕ್ಕಲೆದ್ದು ಹೋಗುತ್ತಿದ್ದ; ಊರು ಕೇಳಿದಾಗ ಅದು ಸತ್ಯಾಗ್ರಹವಾಯಿತು. ಡೆಲಾನೊದ ಕೂಲಿಗಳು ಓದಿದವರಲ್ಲ, ಹಣವಿದ್ದವರಲ್ಲ. ಅವರ ಬಳಿ ಇದ್ದದ್ದು ಎಲ್ಲರಿಗೂ ತಿಳಿಯುವ ಒಂದು ಮಾತು ಮತ್ತು ಐದು ವರ್ಷದ ತಾಳ್ಮೆ.

ಆದ್ದರಿಂದ ಪ್ರತಿ ತಾಲ್ಲೂಕು ಶಾಖೆಯೂ ಮುಂದಿನ ಮೂರು ತಿಂಗಳಲ್ಲಿ ಒಂದು ಕೆಲಸ ಮಾಡಬೇಕೆಂದು ಸೂಚಿಸುತ್ತೇವೆ. ಐದು ಜನರ ಒಂದು ಸಮಿತಿ ಮಾಡಿ. ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ, ಏಕೆಂದರೆ ಮನೆಯ ಸಾಮಾನಿನ ಲೆಕ್ಕ ಅವರಿಗೇ ಗೊತ್ತು. ನಿಮ್ಮ ಊರಿನ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಹತ್ತು ಸರಕುಗಳ ಬೆಲೆ, ತೂಕ, ತಯಾರಿಸಿದ ಊರು ಇವುಗಳನ್ನು ತಿಂಗಳಿಗೊಮ್ಮೆ ಬರೆದಿಡಿ. ನಿಮ್ಮ ತಾಲ್ಲೂಕಿನಲ್ಲಿ ಕಾರ್ಖಾನೆಯಿದ್ದರೆ ಅದರ ಕೂಲಿಗಳೊಡನೆ ಕುಳಿತು ಅವರ ಕಷ್ಟವನ್ನು ಕೇಳಿ. ಒಂದು ಮೋಸವಾದರೂ ರುಜುವಾತಿನೊಡನೆ ಸಿಕ್ಕರೆ ಹತ್ತು ಮಂದಿ ಸೇರಿ ಜಿಲ್ಲಾ ಆಯೋಗಕ್ಕೆ ಒಂದೇ ದೂರು ಹಾಕಿ. ಮುಂದಿನ ಶಿಬಿರಕ್ಕೆ ಬರುವಾಗ ಆ ಲೆಕ್ಕದ ಪುಸ್ತಕಗಳನ್ನು ತನ್ನಿ. ಯಾವ ಕಂಪೆನಿ, ಯಾವ ಸರಕು, ಯಾವ ಬೇಡಿಕೆ ಎಂಬುದನ್ನು ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸೋಣ.